ಫೇಬಿಯನ್‌ಗೆ ನಟನೆ ಬರುತ್ತಿರಲಿಲ್ಲವಾ, ಸರಿಯಾದ ಪಾತ್ರ ಸಿಗಲಿಲ್ಲವಾ?

ಹಳೇಟಾಕೀಸ್
ಹಳೇ ಹಾಲಿವುಡ್ ಬಗ್ಗೆ ಬರೆಯುವವರು ಫೇಬಿಯನ್ ಹೆಸರು ಬಂದ ತಕ್ಷಣ 'ಹಾಡಲು ಬಾರದ ಹಾಡುಗಾರ, ಮುಖ ಚೆನ್ನಾಗಿತ್ತು ಅಷ್ಟೇ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ಹಾಡಿನ ವಿಷಯ ಬಿಡಿ. ನನ್ನ ಪ್ರಶ್ನೆ ಅವನ ಸಿನಿಮಾ ಬಗ್ಗೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1943ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಇಟಾಲಿಯನ್ ಮೂಲದ ಹುಡುಗ. ಪೂರ್ತಿ ಹೆಸರು ಫೇಬಿಯನ್ ಫೋರ್ಟೆ. 1959ರಲ್ಲಿ, ಹದಿನಾರನೇ ವಯಸ್ಸಿಗೆ, 'ಟರ್ನ್ ಮಿ ಲೂಸ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಅದರ ಬೆನ್ನಿಗೇ 'ಟೈಗರ್' 3ನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಮೊದಲ ಸಿನಿಮಾ. ಮುಂದಿನ ಮೂರು ವರ್ಷದಲ್ಲಿ ಜಾನ್ ವೇನ್, ಬಿಂಗ್ ಕ್ರಾಸ್ಬಿ, ಜೇಮ್ಸ್ ಸ್ಟೂವರ್ಟ್ ಅಂಥ ದೊಡ್ಡ ಸ್ಟಾರ್‌ಗಳೆಲ್ಲರ ಜೊತೆ ನಟಿಸಿಬಿಟ್ಟ. ಇಷ್ಟೆಲ್ಲ ಅವಕಾಶ ಸಿಕ್ಕವನು ಯಾಕೆ ನಿಲ್ಲಲಿಲ್ಲ?

'ನಾರ್ತ್ ಟು ಅಲಾಸ್ಕಾ' (1960) ನೋಡಿದವರು ನೆನಪು ಮಾಡಿಕೊಳ್ಳಿ. ದೊಡ್ಡವರೆಲ್ಲ ಹೊರಗೆ ಹೋಗಿರುತ್ತಾರೆ. ನಟಿ ಕಪುಸೀನ್ ಮಾಡಿದ ಪಾತ್ರದ ಜೊತೆ ಇವನೊಬ್ಬನೇ ಉಳಿಯುತ್ತಾನೆ. ಊಟ, ಷಾಂಪೇನ್ ಅಂತ ಗತ್ತು ತೋರಿಸಲು ಹೋಗಿ, ಕುಡಿದು ತೊದಲುವವರೆಗೂ ಬರುತ್ತಾನೆ. ಆ ಒದ್ದಾಟ ಅವನು ಚೆನ್ನಾಗಿಯೇ ಮಾಡಿದ್ದಾನೆ. ಪೋಸ್ಟರ್‌ಗೆ ನಿಲ್ಲಿಸಿದ ಹುಡುಗ ಹಾಗೆ ಮಾಡುವುದಿಲ್ಲ. ನಿಮಗೇನನ್ನಿಸುತ್ತದೆ?

ಬಾಲ್ಕನಿ ಸೀಟು
ಜಾಸ್ತಿ ಹೊಗಳಿದಿರಿ. ಕೂದಲು ಬಾಚಿಕೊಂಡು ನಿಂತಿದ್ದೇ ಅವನ ನಟನೆ.

ರೆಕಾರ್ಡ್‌ಪೆಟ್ಟಿಗೆ
ಅವನು ಹಾಡುಗಾರ ಆಗಿದ್ದು ಹೇಗೆ ಅನ್ನುವುದು ಗೊತ್ತಿಲ್ಲದೆ ಸಿನಿಮಾ ಬಗ್ಗೆ ಮಾತಾಡುವುದು ಕಷ್ಟ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅಪ್ಪ ಪೊಲೀಸ್. ಒಂದು ದಿನ ಅಪ್ಪನಿಗೆ ಹೃದಯಾಘಾತ ಆಗುತ್ತದೆ. ಹುಡುಗ ಮನೆ ಮುಂದಿನ ಮೆಟ್ಟಿಲ ಮೇಲೆ ಅಳುತ್ತಾ ಕೂತಿರುತ್ತಾನೆ. ಆಗ ಕಣ್ಣಿಗೆ ಬಿದ್ದಿದ್ದು ಚಾನ್ಸಲರ್ ರೆಕಾರ್ಡ್ಸ್ ಕಂಪನಿಯ ಬಾಬ್ ಮಾರ್ಕೂಚಿಗೆ. ಅವರು ಆಗಲೇ ಫ್ರಾಂಕಿ ಅವಲಾನ್ ಅನ್ನುವ ಹುಡುಗನನ್ನು ಮೇಲೆ ತಂದಿದ್ದರು. ಇನ್ನೊಬ್ಬನನ್ನು ಹುಡುಕುತ್ತಿದ್ದರು. ಅವರು ಕೇಳಿದ್ದು ಹಾಡುವ ಆಸೆ ಇದೆಯಾ ಅಂತ. ಮೊದಲು ಹುಡುಗ ಬೇಡ ಅಂದ. ಅಪ್ಪ ದುಡಿಯುವ ಸ್ಥಿತಿಯಲ್ಲಿ ಇರಲಿಲ್ಲ, ಮನೆ ನಡೆಯಬೇಕಿತ್ತು, ಒಪ್ಪಿಕೊಂಡ.

ಆಮೇಲೆ ಪಾಠ, ಉಡುಪು, ಕೂದಲು, ನಡಿಗೆ ಎಲ್ಲಾ ಅವರೇ ನಿರ್ಧರಿಸಿದರು. ಮೊದಲ ರೆಕಾರ್ಡುಗಳು ಓಡಲಿಲ್ಲ. ಪತ್ರಿಕೆಗಳಲ್ಲಿ ಮುಖ, ಹೆಸರು ತೋರಿಸಿ ಕುತೂಹಲ ಹುಟ್ಟಿಸುವ ಜಾಹೀರಾತು ಕೊಟ್ಟರು. ಡಾಕ್ ಪೋಮಸ್, ಮಾರ್ಟ್ ಶೂಮನ್ ಅಂಥ ಒಳ್ಳೆಯ ಹಾಡು ಬರೆಯುವವರಿಂದ ಹಾಡು ತಂದರು. ಆಗ ಓಡಿತು.

ಇದರಲ್ಲಿ ಹುಡುಗನ ತಪ್ಪು ಯಾವುದು? ತಾನು ದೊಡ್ಡ ಹಾಡುಗಾರ ಅಂತ ಅವನು ಎಲ್ಲೂ ಹೇಳಿಕೊಂಡವನಲ್ಲ. ಮಾರಾಟ ಮಾಡಿದವರು ಬೇರೆ, ಬೈಗುಳ ತಿಂದವನು ಬೇರೆ.

ತುಂಗಾತೀರ
ಫಿಲಡೆಲ್ಫಿಯಾ ಅಂದಾಗ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಟಿವಿ ಕಾರ್ಯಕ್ರಮ ಬಿಡುವ ಹಾಗಿಲ್ಲ. ಅದು ಅಲ್ಲಿಂದಲೇ ಪ್ರಸಾರ ಆಗುತ್ತಿತ್ತು. 1957ರ ಆಗಸ್ಟ್‌ನಿಂದ ದೇಶಕ್ಕೆಲ್ಲ ಕಾಣಿಸಲು ಶುರುವಾಯಿತು. ಡಿಕ್ ಕ್ಲಾರ್ಕ್ ನಿರೂಪಕ. ಹಾಡುಗಾರರು ಅಲ್ಲಿ ನಿಜವಾಗಿ ಹಾಡುತ್ತಿರಲಿಲ್ಲ. ರೆಕಾರ್ಡ್ ಹಾಕುತ್ತಿದ್ದರು, ಇವರು ತುಟಿ ಆಡಿಸುತ್ತಿದ್ದರು. ದನಿ ಸ್ಟುಡಿಯೋದಲ್ಲಿ ತಯಾರು, ಟಿವಿಗೆ ಬೇಕಾಗಿದ್ದು ಮುಖ. ಅಂದರೆ ಅವನಿಂದ ಮೊದಲ ದಿನದಿಂದಲೂ ಮಾಡಿಸಿದ್ದು ನಟನೆಯೇ ಅಲ್ವಾ?

ಬಾಲ್ಕನಿ ಸೀಟು
ತುಟಿ ಆಡಿಸುವುದೂ ನಟನೆ ಅಂದರೆ ನಮ್ಮೂರ ಆರ್ಕೆಸ್ಟ್ರಾದವರಿಗೆಲ್ಲ ಪ್ರಶಸ್ತಿ ಕೊಡಬೇಕಾಗುತ್ತದೆ. ರೀ, ಹೋಲಿಸಬೇಕಾದವರ ಜೊತೆ ಹೋಲಿಸಿ. ಬಾಬಿ ಡೇರಿನ್. 1959ರಲ್ಲಿ 'ಮ್ಯಾಕ್ ದ ನೈಫ್' ಹಾಡಿ ಪಟ್ಟಿಯಲ್ಲಿ 1ನೇ ಸ್ಥಾನ. ಅವನೂ ಸಿನಿಮಾಕ್ಕೆ ಹೋದ. 'ಕ್ಯಾಪ್ಟನ್ ನ್ಯೂಮನ್, ಎಂ.ಡಿ.' (1963) ಚಿತ್ರದಲ್ಲಿ ಯುದ್ಧದಿಂದ ಮನಸ್ಸು ಕೆಟ್ಟ ಸೈನಿಕನ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದ. ಪ್ರತಿಭೆ ಇದ್ದವನಿಗೆ ದಾರಿ ಸಿಕ್ಕೇ ಸಿಗುತ್ತದೆ.

ರೆಕಾರ್ಡ್‌ಪೆಟ್ಟಿಗೆ
ಡೇರಿನ್ ಹುಟ್ಟಿದ್ದು 1936. ಫೇಬಿಯನ್‌ಗಿಂತ ಏಳು ವರ್ಷ ದೊಡ್ಡವನು. ತಾನೇ ಹಾಡು ಬರೆಯುತ್ತಿದ್ದ, ವಾದ್ಯ ನುಡಿಸುತ್ತಿದ್ದ, ಯಾವ ಹಾಡು ಮಾಡಬೇಕು ಅಂತ ಹಟ ಹಿಡಿಯುತ್ತಿದ್ದ. ಹೈಸ್ಕೂಲ್ ಹುಡುಗನನ್ನು ಅವನ ಪಕ್ಕ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ.

ಮಾರ್ನಿಂಗ್ ಶೋ
ಒಂದು ವಿಷಯ ಗಮನಿಸಿದ್ದೀರಾ? ಜಾನ್ ವೇನ್ ಚಿತ್ರಗಳಲ್ಲಿ ಎರಡೇ ವರ್ಷದಲ್ಲಿ ಮೂವರು ಹಾಡುವ ಹುಡುಗರು ಬಂದರು. 1959ರ 'ರಿಯೋ ಬ್ರಾವೋ'ದಲ್ಲಿ ರಿಕಿ ನೆಲ್ಸನ್. 1960ರ 'ದಿ ಅಲಾಮೋ'ದಲ್ಲಿ ಫ್ರಾಂಕಿ ಅವಲಾನ್. ಅದೇ ವರ್ಷ 'ನಾರ್ತ್ ಟು ಅಲಾಸ್ಕಾ'ದಲ್ಲಿ ಫೇಬಿಯನ್.

ಇದು ಕಾಕತಾಳೀಯ ಅಲ್ಲ. ಆಗ ಮನೆಮನೆಗೆ ಟಿವಿ ಬಂದು ದೊಡ್ಡವರು ಥಿಯೇಟರಿಗೆ ಬರುವುದು ಕಡಿಮೆಯಾಗಿತ್ತು. ಟಿಕೆಟ್ ಕೊಳ್ಳುತ್ತಿದ್ದವರು ಹುಡುಗ ಹುಡುಗಿಯರು. ವೇನ್‌ಗಾಗಿ ಅಪ್ಪ ಬರಲಿ, ಹಾಡುವ ಹುಡುಗನಿಗಾಗಿ ಮಗಳು ಬರಲಿ ಅನ್ನುವ ಲೆಕ್ಕ. 'ರಿಯೋ ಬ್ರಾವೋ' ನೋಡಿ. ಜೈಲಿನ ಸುತ್ತ ಶತ್ರುಗಳು ಕಾಯುತ್ತಿರುವಾಗ ಒಳಗೆ ಡೀನ್ ಮಾರ್ಟಿನ್ ಮಲಗಿಕೊಂಡು ಹಾಡುತ್ತಾನೆ, ನೆಲ್ಸನ್ ಗಿಟಾರ್ ಹಿಡಿದು ಸೇರಿಕೊಳ್ಳುತ್ತಾನೆ. ಹಾವರ್ಡ್ ಹಾಕ್ಸ್ ದೊಡ್ಡ ನಿರ್ದೇಶಕ, ಅದನ್ನೂ ಚಂದ ಮಾಡಿಬಿಟ್ಟ. ಎಲ್ಲರಿಗೂ ಹಾಕ್ಸ್ ಸಿಗುವುದಿಲ್ಲ.

ಇಂಥ ಚಿತ್ರದಲ್ಲಿ ಹುಡುಗನಿಗೆ ಎಂಥ ಪಾತ್ರ ಕೊಡುತ್ತಾರೆ? ತಮ್ಮ, ಶಿಷ್ಯ, ಪಕ್ಕದ ಮನೆಯ ಹುಡುಗ. ಒಂದು ಹಾಡು, ಒಂದು ನಗು, ಆಯಿತು. ಅದರಲ್ಲಿ ಬೆಳೆಯಲು ಜಾಗ ಎಲ್ಲಿದೆ?

ಸಿಲೋನ್ ಕೇಳುಗ
ನಮ್ಮ ಕಾಲದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಬೆಂಗಳೂರು ದಂಡಿನ ಕಡೆ ಬೆಳೆದವನು. ಇಂಗ್ಲಿಷ್ ಹಾಡು ಕೇಳಬೇಕಂದರೆ ರೇಡಿಯೋ ಸಿಲೋನ್. ಅಕ್ಕಪಕ್ಕದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಎಲ್ವಿಸ್, ಕ್ಲಿಫ್ ರಿಚರ್ಡ್, ರಿಕಿ ನೆಲ್ಸನ್ ರೆಕಾರ್ಡುಗಳು ಸದಾ ತಿರುಗುತ್ತಿದ್ದವು. ಫೇಬಿಯನ್ ಹಾಡು ಅಲ್ಲಿ ಕೇಳಿದ ನೆನಪು ನನಗಿಲ್ಲ. ನಾವು ಅವನನ್ನು ನೋಡಿದ್ದು ಪರದೆಯ ಮೇಲೆ ಮಾತ್ರ. ಅದಕ್ಕೇ ನನ್ನ ತಲೆಯಲ್ಲಿ ಅವನು ಹಾಡುಗಾರ ಅಲ್ಲವೇ ಅಲ್ಲ, ವೇನ್ ಚಿತ್ರದ ಆ ತಮ್ಮ.

ರಂಗಗೀತೆ
ಹಾಡುವವನು ನಟ ಆಗಬಾರದು ಅನ್ನುವ ಗೋಡೆ ನಮ್ಮಲ್ಲಿ ಇರಲೇ ಇಲ್ಲ. ಕಂಪನಿ ನಾಟಕದಲ್ಲಿ ಹಾಡಲು ಬರದವನಿಗೆ ಮುಖ್ಯ ಪಾತ್ರವೇ ಸಿಗುತ್ತಿರಲಿಲ್ಲ. ಹೊನ್ನಪ್ಪ ಭಾಗವತರ್ ಹಾಡಿಕೊಂಡೇ ನಟಿಸಿದವರು. ಅಣ್ಣಾವ್ರು ಗುಬ್ಬಿ ಕಂಪನಿಯಿಂದ ಬಂದವರು.

ಬಾಲ್ಕನಿ ಸೀಟು
ಅಣ್ಣಾವ್ರ ಚಿತ್ರಗಳಿಗೆ ಹಾಡುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್ ತಾನೇ?

ರಂಗಗೀತೆ
1974ರ 'ಸಂಪತ್ತಿಗೆ ಸವಾಲ್'ವರೆಗೆ ಹೆಚ್ಚಾಗಿ ಪಿ.ಬಿ.ಎಸ್. ಸರಿ. ಆ ಚಿತ್ರದ 'ಯಾರೇ ಕೂಗಾಡಲಿ' ಆದಮೇಲೆ ಅಣ್ಣಾವ್ರೇ ಹಾಡಿದರು. ಕೊನೆಗೆ 'ಜೀವನಚೈತ್ರ'ದ 'ನಾದಮಯ' ಹಾಡಿಗೆ ಗಾಯನದ ರಾಷ್ಟ್ರಪ್ರಶಸ್ತಿಯೇ ಬಂತು. ನಟನಾಗಿ ಇಪ್ಪತ್ತು ವರ್ಷ ನಿಂತಮೇಲೆ ಹಾಡಿಗೆ ಬಂದರು. ಹಾಗಾಗಿ ಯಾರೂ ಅನುಮಾನ ಪಡಲಿಲ್ಲ. ಫೇಬಿಯನ್ ಉಲ್ಟಾ ಕಡೆಯಿಂದ ಬಂದ. ಹಾಡಿನ ಕೆಟ್ಟ ಹೆಸರನ್ನು ಹೊತ್ತುಕೊಂಡೇ ಸೆಟ್ಟಿಗೆ ಹೋದ. ನಾನು ಹೇಳಬೇಕೆಂದಿದ್ದು ಅದು.

ಹಳೇಟಾಕೀಸ್
ಅಣ್ಣಾವ್ರ ವಿಷಯಕ್ಕೆ ಬಂದರೆ ಥ್ರೆಡ್ ವಾಪಸ್ ಬರುವುದಿಲ್ಲ ಸಾರ್. ಆದರೆ ರಂಗಗೀತೆಯವರ ಮಾತು ಒಪ್ಪಿದೆ. 1959-60ರ ಪೇಯೋಲಾ ಹಗರಣ ಅವನಿಗೆ ತುಂಬಾ ಪೆಟ್ಟು ಕೊಟ್ಟಿತು. ರೇಡಿಯೋದವರಿಗೆ ದುಡ್ಡು ಕೊಟ್ಟು ಹಾಡು ಹಾಕಿಸುತ್ತಾರೆ ಅನ್ನುವ ವಿಚಾರಣೆ ಅದು. ಡಿಕ್ ಕ್ಲಾರ್ಕ್ ಕೂಡ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಉತ್ತರ ಹೇಳಬೇಕಾಯಿತು. ಅದೇ ಗಲಾಟೆಯಲ್ಲಿ ಫೇಬಿಯನ್ ದನಿಯನ್ನು ಸ್ಟುಡಿಯೋದಲ್ಲಿ ತಿದ್ದುತ್ತಾರೆ ಅನ್ನುವ ಮಾತು ಊರೆಲ್ಲ ಹಬ್ಬಿತು. ಇವತ್ತು ಆಟೋಟ್ಯೂನ್ (ದನಿಯ ಶ್ರುತಿ ತಿದ್ದುವ ಸಾಫ್ಟ್‌ವೇರ್) ಇಲ್ಲದ ಹಾಡು ಹುಡುಕಬೇಕು. ಆ ಹುಡುಗನೊಬ್ಬನೇ ಯಾಕೆ ಅಪರಾಧಿ ಆದ?

ಜರ್ಸಿ ಕನ್ನಡತಿ
ಎಲ್ಲರೂ ದೊಡ್ಡ ಚಿತ್ರಗಳ ಬಗ್ಗೆ ಹೇಳುತ್ತಿದ್ದೀರಿ. ಅವರ ಒಳ್ಳೆಯ ಕೆಲಸ ಇರುವುದು ಟಿವಿಯಲ್ಲಿ. 1961ರ ಡಿಸೆಂಬರ್‌ನಲ್ಲಿ ಎಬಿಸಿ ವಾಹಿನಿಯ 'ಬಸ್ ಸ್ಟಾಪ್' ಧಾರಾವಾಹಿಯಲ್ಲಿ 'ಎ ಲಯನ್ ವಾಕ್ಸ್ ಅಮಾಂಗ್ ಅಸ್' ಅನ್ನುವ ಕಂತು ಬಂತು. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್. ಹೌದು, ಮುಂದೆ 'ಮ್ಯಾಶ್', 'ನ್ಯಾಶ್‌ವಿಲ್' ಮಾಡಿದ ಅದೇ ಆಲ್ಟ್‌ಮನ್.

ಅದರಲ್ಲಿ ಫೇಬಿಯನ್ ಊರಿಗೆ ಬರುವ ಅಲೆಮಾರಿ. ನೋಡಿದರೆ ಯಾರಿಗಾದರೂ ಇಷ್ಟವಾಗುವ ಮುಖ. ಒಳಗೆ ಕೊಲೆಗಾರ. ಹುಡುಗಿಯರು ಗೋಡೆಗೆ ಅಂಟಿಸಿಕೊಂಡ ಅದೇ ಮುಖವನ್ನು ಆಲ್ಟ್‌ಮನ್ ಭಯ ಹುಟ್ಟಿಸಲು ಬಳಸಿದ್ದಾರೆ. ನನಗೆ ಇಡೀ ಥ್ರೆಡ್‌ಗೆ ಇದೇ ಉತ್ತರ ಅನ್ನಿಸುತ್ತದೆ. ಯಾರೋ ಒಬ್ಬರು ಅವರಿಗೆ ಕಷ್ಟದ ಪಾತ್ರ ಕೊಟ್ಟರು, ಅವರು ಮಾಡಿ ತೋರಿಸಿದರು. ವಯಸ್ಸು ಆಗ 18.

ಆದರೆ ಆಗಿದ್ದೇನು? ಹಿಂಸೆ ಜಾಸ್ತಿ ಅಂತ ಎಷ್ಟೋ ಸ್ಥಳೀಯ ಸ್ಟೇಷನ್‌ಗಳು ಪ್ರಸಾರವನ್ನೇ ಮಾಡಲಿಲ್ಲ. ಸೆನೆಟ್ ಸಮಿತಿ ಎಬಿಸಿ ಮುಖ್ಯಸ್ಥರನ್ನು ಕರೆದು ಪ್ರಶ್ನೆ ಕೇಳಿತು. ಧಾರಾವಾಹಿ ಒಂದೇ ಸೀಸನ್‌ಗೆ ನಿಂತಿತು. ನಟನೆಯನ್ನು ಗಮನಿಸಬೇಕಾದವರು ಗಲಾಟೆ ಗಮನಿಸಿದರು.

ಮಾರ್ನಿಂಗ್ ಶೋ
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಮರುವರ್ಷ ಅವನಿಗೆ ಏನು ಸಿಕ್ಕಿತು ನೋಡಿ. 'ಮಿಸ್ಟರ್ ಹಾಬ್ಸ್ ಟೇಕ್ಸ್ ಎ ವೆಕೇಷನ್'. ಜೇಮ್ಸ್ ಸ್ಟೂವರ್ಟ್ ಮಗಳಿಗೆ ಹಲ್ಲಿಗೆ ತಂತಿ ಹಾಕಿರುತ್ತಾರೆ. ನಾಚಿಕೆಯಿಂದ ಅವಳು ಬಾಯೇ ತೆರೆಯುವುದಿಲ್ಲ. ಅವಳ ಜೊತೆ ಕುಣಿಯಲು ಬರುವ ಒಳ್ಳೆ ಹುಡುಗ ನಮ್ಮ ಫೇಬಿಯನ್. ಕೊಲೆಗಾರನ ಪಾತ್ರ ಮಾಡಿದವನನ್ನು ಮತ್ತೆ ಬೀಚ್ ಪಾರ್ಟಿಗೆ ಕಳಿಸಿದರು.

ನಂಜನಗೂಡು ರಸಬಾಳೆ
'ದಿ ಲಾಂಗೆಸ್ಟ್ ಡೇ'ಯಲ್ಲೂ ಇದ್ದಾನಲ್ಲ? ಆ ಚಿತ್ರದ ಹಾಡು ಅವನದ್ದೇ ಅಲ್ವಾ?

ರೆಕಾರ್ಡ್‌ಪೆಟ್ಟಿಗೆ
ಅಲ್ಲ. ಆ ಹಾಡು ಪಾಲ್ ಆಂಕಾ ಬರೆದಿದ್ದು. 1962ರ ಆ ಎರಡನೇ ಮಹಾಯುದ್ಧದ ಚಿತ್ರದಲ್ಲಿ ಪಾಲ್ ಆಂಕಾ, ಟಾಮಿ ಸ್ಯಾಂಡ್ಸ್, ಫೇಬಿಯನ್ ಮೂವರೂ ರೇಂಜರ್ ಸೈನಿಕರು. ಮೂವರೂ ಹುಡುಗಿಯರ ಮೆಚ್ಚಿನ ಹಾಡುಗಾರರು. ಪ್ವಾಂತ್ ದು ಹಾಕ್ ಅನ್ನುವ ಕಡಿದಾದ ಬಂಡೆಯನ್ನು ಹಗ್ಗ, ಏಣಿ ಹಿಡಿದು ಹತ್ತುವ ಭಾಗದಲ್ಲಿ ಬರುತ್ತಾರೆ. ಮೇಲಿನಿಂದ ಜರ್ಮನ್ನರ ಗುಂಡು. ಹತ್ತಿ ಹೋದರೆ ಮೇಲೆ ಫಿರಂಗಿಗಳೇ ಇಲ್ಲ. ಚಿತ್ರದ ಒಳ್ಳೆಯ ಭಾಗಗಳಲ್ಲಿ ಅದೂ ಒಂದು. ಆದರೆ ಹೆಲ್ಮೆಟ್ ಕೆಳಗೆ ಯಾರು ಯಾರು ಅಂತ ಗುರುತು ಹಿಡಿಯುವುದೇ ಕೆಲಸ.

ಹುಬ್ಬಳ್ಳಿ ಮಂದಿ
ಅಲ್ರೀ, ಒಂದು ಕೇಳುತ್ತೇನೆ. ಸ್ಟುಡಿಯೋ ತಪ್ಪು, ಮ್ಯಾನೇಜರ್ ತಪ್ಪು, ಸೆನೆಟ್ ತಪ್ಪು. ಇವನದ್ದು ಏನೂ ಇಲ್ಲವಾ? ಮೊದಲ ಚಿತ್ರ 'ಹೌಂಡ್-ಡಾಗ್ ಮ್ಯಾನ್' ಮಾಡಿದ್ದು ಡಾನ್ ಸೀಗಲ್. 'ಹೈ ಟೈಮ್' ಬ್ಲೇಕ್ ಎಡ್ವರ್ಡ್ಸ್. ಆಮೇಲೆ 'ನಾರ್ತ್ ಟು ಅಲಾಸ್ಕಾ'ದ ಹೆನ್ರಿ ಹಾಥವೇ, ಆಲ್ಟ್‌ಮನ್. ಇಂಥ ನಾಲ್ಕು ನಿರ್ದೇಶಕರ ಹತ್ತಿರ ಮೂರು ವರ್ಷದೊಳಗೆ ಕೆಲಸ ಮಾಡುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ? ಸಿಕ್ಕಾಗ ಹಿಡಿದುಕೊಳ್ಳಬೇಕಿತ್ತು.

ಹಳೇಟಾಕೀಸ್
ಒಳ್ಳೆಯ ಪ್ರಶ್ನೆ. ಉತ್ತರ ಆ ಸೀಗಲ್ ಹತ್ತಿರವೇ ಇದೆ. ಮರುವರ್ಷ ಅದೇ ಸೀಗಲ್ 'ಫ್ಲೇಮಿಂಗ್ ಸ್ಟಾರ್'ನಲ್ಲಿ ಎಲ್ವಿಸ್‌ನಿಂದ ಎಷ್ಟು ಚೆನ್ನಾಗಿ ನಟನೆ ತೆಗೆಸಿದರು. ಹಾಡು ತೀರಾ ಕಡಿಮೆ, ಕಥೆ ಗಂಭೀರ. ಎಲ್ವಿಸ್‌ಗೇ ಆಮೇಲೆ ಅಂಥ ಪಾತ್ರ ಹೆಚ್ಚು ಸಿಗಲಿಲ್ಲ. ಹಾಡು ತುಂಬಿದ ಚಿತ್ರಗಳು ಜಾಸ್ತಿ ದುಡ್ಡು ತಂದವು ಅಂತ ಮ್ಯಾನೇಜರ್ ಪಾರ್ಕರ್ ಅದೇ ಮಾಡಿಸಿದರು. ಒಟ್ಟು 31 ಕಥಾಚಿತ್ರ. ನೆನಪಿಡುವಂಥವು ಎಷ್ಟು? ಎಲ್ವಿಸ್ ಅಂಥವನೇ ಬಿಡಿಸಿಕೊಳ್ಳಲಾಗದ ಬಲೆಯಿಂದ ಫೇಬಿಯನ್ ಹೇಗೆ ಬಿಡಿಸಿಕೊಳ್ಳಬೇಕಿತ್ತು?

ಆದರೂ ಅವನು ಒಂದು ಧೈರ್ಯ ಮಾಡಿದ. 1960ರ ದಶಕದ ಮೊದಲ ವರ್ಷಗಳಲ್ಲೇ ಮಾರ್ಕೂಚಿ ಜೊತೆಗಿನ ಒಪ್ಪಂದದಿಂದ ಹೊರಬರಲು 65,000 ಡಾಲರ್ ಕೊಟ್ಟ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹಾಡು ಬಿಟ್ಟು ನಟನೆಯನ್ನೇ ಹಿಡಿಯಬೇಕು ಅಂತ ದುಡಿದದ್ದನ್ನು ಸುರಿದ. ಹಿಡಿದುಕೊಳ್ಳಬೇಕಿತ್ತು ಅಂದಿರಲ್ಲ, ಹಿಡಿದುಕೊಳ್ಳಲು ಅವನು ತೆತ್ತ ಬೆಲೆ ಅದು.

ಹುಬ್ಬಳ್ಳಿ ಮಂದಿ
ದುಡ್ಡು ಕೊಟ್ಟು ಹೊರಬಂದದ್ದು ದೊಡ್ಡ ಮಾತು, ಒಪ್ಪುತ್ತೇನೆ. ಆಮೇಲೆ ಮಾಡಿದ್ದೇನು? ಕಾರ್ ರೇಸ್ ಚಿತ್ರ.

ತುಂಗಾತೀರ
ಅದಕ್ಕೂ ಮುಂಚೆ 'ರೈಡ್ ದ ವೈಲ್ಡ್ ಸರ್ಫ್' (1964) ಇದೆ. ಹವಾಯಿಯ ವೈಮಿಯಾ ಕೊಲ್ಲಿಯ ನಿಜವಾದ ದೊಡ್ಡ ಅಲೆಗಳನ್ನು ಅದರಲ್ಲಿ ತೋರಿಸಿದ್ದಾರೆ. ಮುಖದ ಹತ್ತಿರದ ಶಾಟ್ ಬಂದಾಗ ಮಾತ್ರ ಸ್ಟುಡಿಯೋ ಅಂತ ಗೊತ್ತಾಗುತ್ತದೆ. ಆ ಕಾಲದ ಬೀಚ್ ಚಿತ್ರಗಳಲ್ಲಿ ಅಲೆಗಳಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ಕಡಿಮೆ. ಅವನ ಪಾತ್ರವೂ ಪರವಾಗಿಲ್ಲ. ಕೆಲಸವಿಲ್ಲದೆ ಅಲೆಗಳ ಹಿಂದೆ ಅಲೆಯುವ ಹುಡುಗ.

ಮಾರ್ನಿಂಗ್ ಶೋ
ಕಾರ್ ರೇಸ್ ಚಿತ್ರ ಅಂದರೆ 'ಫೈರ್‌ಬಾಲ್ 500' (1966), 'ಥಂಡರ್ ಆಲಿ' (1967). ಎರಡೂ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅನ್ನುವ ಕಡಿಮೆ ಬಜೆಟ್ ಕಂಪನಿಯವು. ಬೇಗ ತೆಗೆದು, ತೆರೆದ ಬಯಲಿನ ಡ್ರೈವ್-ಇನ್ ಥಿಯೇಟರುಗಳಿಗೆ ಕಳಿಸುತ್ತಿದ್ದರು. ಬೀಟಲ್ಸ್ 1964ರಲ್ಲಿ ಅಮೆರಿಕಕ್ಕೆ ಬಂದಮೇಲೆ ಹಳೇ ಹುಡುಗರಿಗೆ ಬೇರೆ ಬಾಗಿಲೇ ಉಳಿದಿರಲಿಲ್ಲ. ಹಾಡಿನವರೂ ಮರೆತರು, ದೊಡ್ಡ ಸ್ಟುಡಿಯೋದವರೂ ಮರೆತರು.

ಕಾದಂಬರಿ ಹುಚ್ಚಿ
ಅಗಾಥಾ ಕ್ರಿಸ್ಟಿ ಅಭಿಮಾನಿಗಳಿಗೆ ಒಂದು ವಿಷಯ. 1965ರ 'ಟೆನ್ ಲಿಟಲ್ ಇಂಡಿಯನ್ಸ್'ನಲ್ಲಿ ಮೊದಲು ಸಾಯುವವನೇ ಫೇಬಿಯನ್. ಪಾತ್ರ ಪಾಪ್ ಹಾಡುಗಾರನದ್ದು. ಪಿಯಾನೋ ಹತ್ತಿರ ಕೂತು ಹಾಡುತ್ತಾನೆ, ವಿಷ ಕುಡಿದು ಬೀಳುತ್ತಾನೆ. ಅದೇ ಕಥೆಯ ನೆರಳಲ್ಲಿ ಅದೇ ವರ್ಷ ಹಿಂದಿಯಲ್ಲಿ 'ಗುಮ್ನಾಮ್' ಬಂತು.

ಬಾಲ್ಕನಿ ಸೀಟು
'ಗುಮ್ನಾಮ್' ಹಾಡುಗಳ ಮುಂದೆ ಆ ಇಂಗ್ಲಿಷ್ ಚಿತ್ರ ಏನೂ ಅಲ್ಲ.

ಕಾದಂಬರಿ ಹುಚ್ಚಿ
ಹಾಡಿಗೆ ಒಪ್ಪಿದೆ. ಭಯಕ್ಕೆ ಒಪ್ಪುವುದಿಲ್ಲ. ಹಿಮದ ಬೆಟ್ಟದ ಮೇಲಿನ ಆ ಬಂಗಲೆ ಕಪ್ಪು ಬಿಳುಪಿನಲ್ಲಿ ಈಗಲೂ ನಡುಕ ಹುಟ್ಟಿಸುತ್ತದೆ.

ಜರ್ಸಿ ಕನ್ನಡತಿ
ಇನ್ನೊಂದು ಚಿತ್ರ ಯಾರೂ ಹೇಳಲಿಲ್ಲ. 1970ರ 'ಎ ಬುಲೆಟ್ ಫಾರ್ ಪ್ರೆಟಿ ಬಾಯ್'. ಪ್ರೆಟಿ ಬಾಯ್ ಫ್ಲಾಯ್ಡ್ ಅನ್ನುವ ನಿಜವಾದ ಬ್ಯಾಂಕ್ ದರೋಡೆಕೋರನ ಪಾತ್ರ. ಕಡಿಮೆ ಖರ್ಚಿನ ಚಿತ್ರ ಅಂತ ಪ್ರತಿ ಫ್ರೇಮ್‌ನಲ್ಲೂ ಗೊತ್ತಾಗುತ್ತದೆ. ಆದರೂ ಆಲ್ಟ್‌ಮನ್ ಕಂಡ ಆ ಕಪ್ಪು ನೆರಳು ಅವರ ಮುಖದಲ್ಲಿ ಮತ್ತೆ ಕಾಣಿಸುತ್ತದೆ. ಒಂಬತ್ತು ವರ್ಷ ತಡವಾಗಿ, ಮುಕ್ಕಾಲು ಪಾಲು ಖಾಲಿ ಥಿಯೇಟರುಗಳಿಗೆ ಅಂತ ಮಾಡಿದ ಚಿತ್ರದಲ್ಲಿ. ನೋಡಿ ಹೊಟ್ಟೆ ಉರಿಯಿತು.

ನಮ್ಮ ಪಕ್ಕದ ಮನೆಯ ಅಜ್ಜಿ ಸೌತ್ ಫಿಲಡೆಲ್ಫಿಯಾದವರು. ಇಟಾಲಿಯನ್ ಕುಟುಂಬ. ಫೇಬಿಯನ್, ಅವಲಾನ್, ಇನ್ನೊಬ್ಬ ಹಾಡುಗಾರ ಬಾಬಿ ರೈಡೆಲ್ ಮೂವರೂ ಅದೇ ಕಡೆಯ ಹುಡುಗರು. ಅಜ್ಜಿಗೆ ಇವರು ಸ್ಟಾರ್‌ಗಳಲ್ಲ, ನಮ್ಮ ಬೀದಿಯ ಹುಡುಗರು. ನಾನು ಒಮ್ಮೆ ಫೇಬಿಯನ್‌ಗೆ ಹಾಡಲು ಬರುತ್ತಿರಲಿಲ್ಲವಂತೆ ಅಂದೆ. ಅಜ್ಜಿಗೆ ಸಿಟ್ಟೇ ಬಂತು. ಅಪ್ಪನಿಗೆ ಹುಷಾರಿಲ್ಲದಾಗ ಮನೆ ಸಾಕಿದ ಮಗ, ಅವನ ಬಗ್ಗೆ ಹಾಗೆ ಮಾತಾಡಬೇಡ ಅಂದರು.

ರೆಕಾರ್ಡ್‌ಪೆಟ್ಟಿಗೆ
ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ ಮೇಡಂ. 1980ರಲ್ಲಿ 'ದಿ ಐಡಲ್‌ಮೇಕರ್' ಅಂತ ಚಿತ್ರ ಬಂತು. ಹುಡುಗರನ್ನು ಸ್ಟಾರ್ ಮಾಡುವ ಮ್ಯಾನೇಜರನ ಕಥೆ. ಮಾರ್ಕೂಚಿಯೇ ಅದಕ್ಕೆ ಸಲಹೆಗಾರ. ಅದರಲ್ಲಿ ಹಾಡಲು ಬಾರದ, ಹೇಳಿದ ಹಾಗೆ ಕುಣಿಯುವ ಹುಡುಗ ಒಬ್ಬ ಇದ್ದಾನೆ. ಅದು ತಾನೇ ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಫೇಬಿಯನ್ ಕೇಸ್ ಹಾಕಿದ. ಕೊನೆಗೆ ರಾಜಿ ಆಯಿತು. ಹದಿನೈದು ವರ್ಷದ ಹುಡುಗನನ್ನು ಬಳಸಿಕೊಂಡವರು, ಇಪ್ಪತ್ತು ವರ್ಷ ಆದಮೇಲೆ ಆ ಕಥೆಯನ್ನೂ ಮಾರಿದರು. ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಬಾಲ್ಕನಿ ಸೀಟು
ಕೇಸ್ ವಿಷಯ ನನಗೆ ಹೊಸದು. ಆದರೂ ನನ್ನ ಮಾತು ಅದೇ. ಪಾಪ ಅನ್ನಿಸುವುದು ಬೇರೆ, ಒಳ್ಳೆ ನಟ ಅನ್ನುವುದು ಬೇರೆ. ಒಂದು ಟಿವಿ ಕಂತು ಹಿಡಿದು ಇಡೀ ವೃತ್ತಿಯನ್ನು ಎತ್ತಿ ಹಿಡಿಯಲಾಗುವುದಿಲ್ಲ.

ಜರ್ಸಿ ಕನ್ನಡತಿ
ಇಡೀ ವೃತ್ತಿಯನ್ನು ಯಾರೂ ಎತ್ತಿ ಹಿಡಿಯುತ್ತಿಲ್ಲ ಸಾರ್. ಕಂತು ನೋಡಿ ಆಮೇಲೆ ಹೇಳಿ. ನೀವು ನೋಡಿಲ್ಲ ಅನ್ನಿಸುತ್ತದೆ.

ಸಿಲೋನ್ ಕೇಳುಗ
ಈಗ ಏನು ಮಾಡುತ್ತಿದ್ದಾರೆ ಅವರು?

ತುಂಗಾತೀರ
1985ರಿಂದ ಅವಲಾನ್, ರೈಡೆಲ್ ಜೊತೆ 'ಗೋಲ್ಡನ್ ಬಾಯ್ಸ್' ಅಂತ ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದರು. ದಶಕಗಳ ಕಾಲ ನಡೆಯಿತು. ಹಾಡಲು ಬರುವುದಿಲ್ಲ ಅಂತ ಹೇಳಿಸಿಕೊಂಡವರು ಕೊನೆಗೆ ಲೈವ್ ಹಾಡಿಯೇ ಜೀವನ ಮಾಡಿದರು ನೋಡಿ. 2022ರ ಏಪ್ರಿಲ್‌ನಲ್ಲಿ ರೈಡೆಲ್ ತೀರಿಕೊಂಡರು.

ನಂಜನಗೂಡು ರಸಬಾಳೆ
ಇಷ್ಟೆಲ್ಲ ಓದಿ ನೋಡಬೇಕು ಅನ್ನಿಸಿತು. ಎಲ್ಲಿಂದ ಶುರು ಮಾಡಲಿ?

ಹಳೇಟಾಕೀಸ್
ಮೊದಲು 'ನಾರ್ತ್ ಟು ಅಲಾಸ್ಕಾ'. ಕೊನೆಯ ಕೆಸರಿನ ಹೊಡೆದಾಟ ಮಕ್ಕಳಿಗೂ ಇಷ್ಟವಾಗುತ್ತದೆ. ಆಮೇಲೆ ಆಲ್ಟ್‌ಮನ್ ಕಂತು, ಅದು ಮಕ್ಕಳಿಗೆ ಬೇಡ. 'ಹೌಂಡ್-ಡಾಗ್ ಮ್ಯಾನ್' ಒಳ್ಳೆಯ ಪ್ರತಿ ಸಿಕ್ಕರೆ ನನಗೂ ತಿಳಿಸಿ. ಕಾರ್ ರೇಸ್ ಚಿತ್ರಗಳನ್ನು ಬಿಟ್ಟರೂ ನಷ್ಟವಿಲ್ಲ.

ತುಂಗಾತೀರ
'ರೈಡ್ ದ ವೈಲ್ಡ್ ಸರ್ಫ್' ಯಾಕೆ ಬಿಟ್ಟಿರಿ? ಅದನ್ನೂ ಸೇರಿಸಿ.

ಬಾಲ್ಕನಿ ಸೀಟು
ಬಾಬಿ ಡೇರಿನ್ ಬಗ್ಗೆ ನಾಳೆ ಬೇರೆ ಥ್ರೆಡ್ ತೆಗೆಯುತ್ತೇನೆ. ಎಲ್ಲರೂ ಬನ್ನಿ, ಅಲ್ಲಿ ಜಗಳ ಮುಂದುವರಿಸೋಣ.